ಅಣ್ಣನಿಗೆ ಚುಚ್ಚಿದ ಕುರಿಯ ಸೂಜಿ

ಹೋದ ತಿಂಗಳು ದೋರನಹಳ್ಳಿಯ ಹೊರಗೆ ಕುರಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಬೆಳಗಿನಿಂದ ಜಿಟಿಜಿಟಿ ಮಳೆ. ಕುರಿಗಳ ಉಣ್ಣೆ ನೆನೆದಿತ್ತು, ಕುರಿಗಾರರ ಕಂಬಳಿ ನೆನೆದಿತ್ತು, ಅದರ ಜೊತೆ ನನ್ನ ಕೈಯ ಹತ್ತಿಯ ಸ್ಪಿರಿಟ್ ವಾಸನೆ ಸೇರಿ ಮೂಗಿಗೆ ಅಡರುತ್ತಿತ್ತು. ಒಂದೊಂದೇ ಕುರಿಯ ಚರ್ಮ ಎತ್ತಿ ಹಿಡಿದು ಚುಚ್ಚುತ್ತ ಬರುತ್ತಿದ್ದೆ. ಬೇಲಿಗೆ ಒರಗಿ ನಿಂತಿದ್ದ ಮುದುಕನೊಬ್ಬ ಧೋತರ ಮೇಲೆತ್ತಿ ಊದಿದ ಮೊಣಕಾಲು ತೋರಿಸಿದ.

"ಯವ್ವಾ, ಹ್ಯಾಂಗೂ ಸೂಜಿ ಕೈಯಾಗ ಅದ. ನನ್ನ ಮಣಕಾಲಿಗೂ ಒಂದು ಹಾಕಿಬಿಡು."

ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. "ಅಜ್ಜಾ, ನೀ ಕುರಿ ಅಲ್ಲ" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದಿರಬೇಕು, ಮುದುಕ ಧೋತರ ಇಳಿಸಿಕೊಂಡು ಆಚೆ ಸರಿದ. ಉಳಿದ ಕುರಿಗಳನ್ನು ಜೊತೆಗಿದ್ದವರಿಗೆ ಬಿಟ್ಟು ಹೋಗಿ ಬೇವಿನ ಮರದ ಕೆಳಗೆ ಕೂತೆ. ಐದಾರು ವರ್ಷದ ಹಿಂದಿನ ಮಳೆಗಾಲ ಹಾಗೇ ಎದುರಿಗೆ ಬಂದು ನಿಂತಿತ್ತು. ಇದೇ ಮಾತು, ಇದೇ ಮೊಣಕಾಲು, ಇದೇ ನೆನೆದ ಕಂಬಳಿ. ಆಗ ಕೇಳಿದವನು ನನ್ನ ಸ್ವಂತ ಅಣ್ಣ. ನಾನು ಇಲ್ಲ ಎನ್ನಲಿಲ್ಲ.

ಅಣ್ಣನ ಹೆಸರು ಮಾಳಪ್ಪ. ನಮ್ಮದು ಕುರಿ ಕಾಯುವ ಮನೆತನ. ಶಹಾಪುರ ತಾಲೂಕಿನಲ್ಲಿ ಹಳ್ಳದ ಆಚೆಯ ಒಂದು ಸಣ್ಣ ಊರು. ನನ್ನನ್ನು ಸುರಪುರದ ಕಡೆ ಕೊಟ್ಟಿದ್ದರು. ಮೂರು ವರ್ಷ ಬಾಳಿದೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕರೆತಂದ ದಿನ ಅಣ್ಣ ಟಂಟಂ ಗಾಡಿ ಮಾಡಿಕೊಂಡು ಬಂದು, ಯಾರ ಜೊತೆಗೂ ಜಗಳವಾಡದೆ, ನನ್ನ ಟ್ರಂಕು ಎತ್ತಿಟ್ಟುಕೊಂಡು ಹೊರಟ. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: "ಉಂಡೀ ಏನು?" ನಾನು ಪಿಯುಸಿ ಓದಿದವಳು. ಊರಲ್ಲಿ ಪಶು ಸಖಿಯ ಕೆಲಸಕ್ಕೆ ಹೆಂಗಸರನ್ನು ಹುಡುಕುತ್ತಿದ್ದಾಗ ನನ್ನ ಹೆಸರು ಬರೆಸಿದವನೂ ಅವನೇ. ಕುರಿ ಮೇಕೆಗಳಿಗೆ ಜಂತಿನ ಔಷಧ ಕುಡಿಸುವುದು, ಗಾಯ ತೊಳೆಯುವುದು, ಲಸಿಕೆಗೆ ಕೈ ಜೋಡಿಸುವುದು, ಇಷ್ಟೇ ಆ ಕೆಲಸ. ಆದರೆ ಹಳ್ಳಿಯಲ್ಲಿ ಇಷ್ಟಕ್ಕೇ ನಿಲ್ಲುವುದಿಲ್ಲ. ಸೂಜಿ ಹಿಡಿದವಳು ಡಾಕ್ಟರೇ. ಗಂಡ ಬಿಟ್ಟವಳು ಎನ್ನುತ್ತಿದ್ದ ಬಾಯಿಗಳೇ "ಕುರಿ ಡಾಕ್ಟರಮ್ಮ" ಎಂದು ಚೇಷ್ಟೆ ಮಾಡತೊಡಗಿದವು. ಆ ಚೇಷ್ಟೆ ನನಗೆ ಬೆಲ್ಲದಷ್ಟು ಸಿಹಿಯಾಗಿತ್ತು.

ಒಂದು ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿನಲ್ಲಿ ನಿಂತು ನಿಂತು ನಮ್ಮ ಒಂದು ಕುರಿಯ ಕಾಲು ಊದಿತ್ತು. ಪಶು ಡಾಕ್ಟರು ಬಂದು ಡೆಕ್ಸಾ ಎಂಬ ಇಂಜೆಕ್ಷನ್ ಕೊಟ್ಟು, ಸೀಸೆಯಲ್ಲಿ ಉಳಿದದ್ದನ್ನು ಇನ್ನೆರಡು ದಿನ ಹಾಕು ಎಂದು ನನ್ನ ಕೈಗಿತ್ತು ಹೋದರು. ಕುರಿ ಮರುದಿನವೇ ಎದ್ದಿತು. ಆ ಹೊತ್ತಿಗೆ ಅಣ್ಣನ ಮೊಣಕಾಲು ಕೂಡ ಊದಿ, ಕೂತರೆ ಏಳಲಾರದೆ, ಎದ್ದರೆ ಕೂರಲಾರದೆ ಒದ್ದಾಡುತ್ತಿದ್ದ.

"ಆ ಕುರಿ ನಿನ್ನೆ ಏಳಾಕ ಬರ್ತಿದ್ದಿಲ್ಲ. ಇವತ್ತು ಓಡಾಕತ್ತದ" ಎಂದ. "ಅದೂ ಜೀವ, ನಂದೂ ಜೀವ. ನನಗೂ ಅದನ್ನ ಹಾಕು ತಂಗಿ."

"ಕುರಿ ಔಷಧ ಅಣ್ಣಾ ಅದು."

"ಕುರಿ ಹಿಂದ ಹುಟ್ಟೀವಿ, ಕುರಿ ಹಿಂದ ಸಾಯ್ತೀವಿ. ಔಷಧ ಬ್ಯಾರೆ ಯಾಕ ಬೇಕು?"

ಹಾಕಿದೆ. ಮರುದಿನ ಅವನೂ ಎದ್ದು ಓಡಾಡಿದ. ಅಂದು ನನಗೆ ಹೇಳಲಾರದಷ್ಟು ಹೆಮ್ಮೆಯಾಯಿತು. ಮೊದಲು ಹದಿನೈದು ದಿನಕ್ಕೊಮ್ಮೆ ಇದ್ದದ್ದು ಎಂಟು ದಿನಕ್ಕೊಮ್ಮೆ ಆಯಿತು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಹೀಗೆ ಮೂರು ವರ್ಷ. ಸೀಸೆ ತರುವುದು ಕಷ್ಟವಿರಲಿಲ್ಲ, ಕುರಿಗೆ ಎಂದರೆ ಅಂಗಡಿಯವರು ಕೊಡುತ್ತಿದ್ದರು. ಅತ್ತಿಗೆ ಭೀಮವ್ವನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅವಳು ಸೂಜಿ ಕಂಡರೆ ಮುಖ ತಿರುಗಿಸುವವಳು. ಹೆದರಿಸುವುದು ಯಾಕೆಂದು ಅಣ್ಣ ಹೊಲದಲ್ಲೇ ಚುಚ್ಚಿಸಿಕೊಳ್ಳುತ್ತಿದ್ದ. ಅವನ ಮುಖ ದುಂಡಗಾಯಿತು, ಕೆನ್ನೆ ತುಂಬಿತು. ಮಾಳಪ್ಪ ಸಾವುಕಾರನಂತೆ ಆದ ಎಂದು ಊರು ಮಾತಾಡಿತು. ಅತ್ತಿಗೆ ತನ್ನ ರೊಟ್ಟಿಯ ಗುಣ ಎಂದುಕೊಂಡಳು, ನಾನು ನನ್ನ ಸೂಜಿಯ ಗುಣ ಎಂದುಕೊಂಡೆ.

ಮೂರನೆಯ ವರ್ಷದ ಕೊನೆಗೆ, ಜೂನ್ ತಿಂಗಳ ಮಿರ್ಗ ಮಳೆ ಬೀಳುವ ಹೊತ್ತಿಗೆ ನನ್ನನ್ನು ತರಬೇತಿಗೆಂದು ಯಾದಗಿರಿಗೆ ಕರೆದರು. ಆರು ವಾರ ಅಲ್ಲೇ ಉಳಿದೆ. ಚುಚ್ಚುವವರಿಲ್ಲದೆ ಅಣ್ಣನ ಸೂಜಿ ಒಮ್ಮೆಗೇ ನಿಂತಿತು. ಅದು ನಿಂತದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಪುಷ್ಯ ಮಳೆಯಲ್ಲಿ ಊರಿಗೆ ಮರಳಿದಾಗ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವನನ್ನು ಯಾರೋ ಬೀಗರು ಎಂದುಕೊಂಡೆ. ಅಷ್ಟು ಇಳಿದಿದ್ದ. ಅನ್ನ ಸೇರುತ್ತಿರಲಿಲ್ಲ. ಎದ್ದರೆ ಕಣ್ಣು ಕತ್ತಲೆ, ಉಂಡರೆ ವಾಂತಿ. ಅತ್ತಿಗೆ ಗ್ಯಾಸ್ ಎಂದು ಔಷಧ ಕುಡಿಸಿದ್ದಳು, ಕಾಮಾಲೆ ಎಂದು ಸೊಪ್ಪು ಅರೆದು ಕೊಟ್ಟಿದ್ದಳು, ಶಹಾಪುರಕ್ಕೆ ಒಯ್ದು ಎರಡು ಸಲ ಸಲಾಯಿನ್ ಹಚ್ಚಿಸಿದ್ದಳು. ಸಲಾಯಿನ್ ಇರುವಷ್ಟು ಹೊತ್ತು ಚೆನ್ನಾಗಿರುತ್ತಿದ್ದ, ಮನೆಗೆ ಬಂದರೆ ಮತ್ತೆ ಅದೇ ಗತಿ.

"ಒಂದು ಸೂಜಿ ಹಾಕಲೇನು ಅಣ್ಣಾ?" ಎಂದು ಕೇಳಿದೆ.

"ಮಣಕಾಲ ನೋವಲ್ಲ ತಂಗಿ ಇದು. ಒಳಗ ಏನೋ ಆಗ್ಯಾದ. ಸೂಜಿ ಬ್ಯಾಡ" ಎಂದ. ಅಂದು ನಾನು ಹಾಕಿದ್ದರೆ ಎದ್ದು ಕೂರುತ್ತಿದ್ದ. ಯಾಕೆ ಎದ್ದ ಎನ್ನುವುದು ಮಾತ್ರ ನಮಗೆ ಎಂದೂ ತಿಳಿಯುತ್ತಿರಲಿಲ್ಲ.

ಮಘಾ ಮಳೆಯ ಒಂದು ಮಧ್ಯಾಹ್ನ, ಬೇಡವೆಂದರೂ ಕೇಳದೆ ಕುರಿಗಳ ಹತ್ತಿರ ಹೋದವನು ತೊಗರಿ ಹೊಲದ ಬದುವಿನಲ್ಲಿ ಬಿದ್ದ. ಕುರಿಗಳು ದಿಕ್ಕು ತೋಚದೆ ಸುತ್ತ ನಿಂತಿದ್ದವು. ಮೈ ಐಸಿನಷ್ಟು ತಣ್ಣಗಿತ್ತು. ಅತ್ತಿಗೆ ಬಾಯಿ ಬಡಿದುಕೊಂಡು ಅತ್ತ ದನಿ ಊರಿಗೆಲ್ಲ ಕೇಳಿತಂತೆ. ಆಂಬುಲೆನ್ಸಿನಲ್ಲಿ ಭೀಮಾ ಸೇತುವೆ ದಾಟುವಾಗ ಅವನ ನಾಡಿ ನನ್ನ ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಕುರಿಯ ನಾಡಿ ಹುಡುಕಲು ಕಲಿತ ಬೆರಳು ಅಣ್ಣನ ಕೈಯಲ್ಲಿ ತಡಕಾಡುತ್ತಿತ್ತು.

ಯಾದಗಿರಿಯ ಆ ಆಸ್ಪತ್ರೆಯ ಹೆಸರು ಬೇಡ. ಡಾಕ್ಟರು ಕಡಿಮೆ ಮಾತಿನ, ಹಸನಾದ ಮನುಷ್ಯ. ಬಂದ ತಕ್ಷಣ ಔಷಧ ಏರಿಸಿ ಜೀವ ಹಿಡಿದು ನಿಲ್ಲಿಸಿದರು. ಮರುದಿನ ಅಣ್ಣ ಕಣ್ಣು ಬಿಟ್ಟು ಮಾತಾಡುವಂತಾದಾಗ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಕೇಳುತ್ತ ಹೋದರು.

"ಯಾವುದಾದ್ರೂ ಔಷಧ ತಗೋತಿದ್ದೇನಪ್ಪಾ? ಪುಡಿ, ನಾಟಿ ಔಷಧ, ಕಾಲು ನೋವಿಗೆ ಸೂಜಿ?"

ಅಣ್ಣ ನನ್ನ ಕಡೆ ನೋಡಿದ. ಬೇಡ ಎಂದು ರೆಪ್ಪೆಯಲ್ಲೇ ಹೇಳಿದ.

"ಇಲ್ರಿ ಸಾಹೇಬ್ರ. ಅಡವ್ಯಾಗ ಇರಾವ್ರು, ನಮಗೆಲ್ಲಿ ಸೂಜಿ?"

"ಬಣ್ಣ ಇತ್ತೀಚೆಗೆ ಕಪ್ಪಾಗಿದೆಯೇನಮ್ಮಾ?" ಎಂದು ಅತ್ತಿಗೆಯನ್ನು ಕೇಳಿದರು.

"ಕುರಿ ಕಾಯಾವ್ರ ಬಣ್ಣ ಯಾರು ನೋಡ್ಯಾರ್ರಿ" ಎಂದಳು ಅವಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನೀನು ಓದಿದವಳು. ನಿನಗೇನಾದ್ರೂ ಗೊತ್ತೇನು?"

"ಇಲ್ರಿ" ಎಂದೆ.

ಎರಡೇ ಅಕ್ಷರ. ಆಮೇಲೆ ಅವರು ಚೀಟಿಯ ಹಿಂದೆ ಚಿತ್ರ ಬಿಡಿಸಿದರು. ಮೂತ್ರಪಿಂಡದ ತಲೆಯ ಮೇಲೆ ಹೆಬ್ಬೆರಳಿನಷ್ಟು ಎರಡು ಗ್ರಂಥಿಗಳಿರುತ್ತವೆ. ಜ್ವರ ಬರಲಿ, ಪೆಟ್ಟು ಬೀಳಲಿ, ಹೆದರಿಕೆಯಾಗಲಿ, ಮನುಷ್ಯನನ್ನು ಎತ್ತಿ ನಿಲ್ಲಿಸುವ ರಸ ಅಲ್ಲಿಂದ ಬರುತ್ತದೆ. ಮಾಳಪ್ಪನಲ್ಲಿ ಅದು ಬರುತ್ತಿಲ್ಲ ಎಂದು ಅವರಿಗೆ ಅನುಮಾನ. ಅದಕ್ಕೊಂದು ಪರೀಕ್ಷೆ. "ಗ್ರಂಥಿಗೆ ಏಳು ಅಂತ ತಲೆಯಿಂದ ಹುಕುಂ ಹೋಗ್ತದ. ಆ ಹುಕುಮನ್ನ ನಾವು ಸೂಜಿಯಾಗ ಹಾಕಿ ಕಳಿಸ್ತೀವಿ. ಎದ್ದು ಕೆಲಸ ಮಾಡಿದ್ರ ರಕ್ತದಾಗ ರಸ ಏರ್ತದ. ಏಳದಿದ್ರ ಇಲ್ಲ." ಏಳದೇ ಇರುವುದಕ್ಕೆ ಕಾರಣ ಏನಿರುತ್ತದೆ ಎಂದು ಕೇಳಿದೆ. "ಒಂದು, ಟಿಬಿ ಹತ್ತಿ ಗ್ರಂಥಿ ಹಾಳಾಗಿರಬಹುದು. ಹಾಳಾದ್ರ ಮೈಬಣ್ಣ ಕಪ್ಪಾಗ್ತದ, ಅದಕ್ಕೇ ಕೇಳಿದ್ದು. ಇನ್ನೊಂದು, ಹೊರಗಿನಿಂದ ಸ್ಟಿರಾಯ್ಡ್ ತಗೊಂಡು ತಗೊಂಡು ಅದು ಕೆಲಸ ಬಿಟ್ಟು ಮಲಗಿರಬಹುದು. ಡೆಕ್ಸಾ ಅಂತ ಹಳ್ಳಿ ಕಡೆ ಹಾಕ್ತಾರಲ್ಲ, ಅಂಥಾದ್ದು. ಇವನು ತಗೊಂಡೇ ಇಲ್ಲ ಅಂತಾನ."

ಡೆಕ್ಸಾ ಸೀಸೆ ಆಗ ನಾನು ಹೋದಲ್ಲೆಲ್ಲ ಒಯ್ಯುವ ಕುರಿ ಔಷಧದ ಕಿಟ್ಟಿನ ಚೀಲದಲ್ಲಿ, ಅಣ್ಣನ ಮಂಚದ ಕೆಳಗೇ ಇತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅದರ ಬದಲು ಇನ್ನೊಂದು ಮಾಡಿದೆ. ಪರೀಕ್ಷೆಯ ಇಂಜೆಕ್ಷನ್ ಯಾದಗಿರಿಯಲ್ಲಿ ಸಿಗಲಿಲ್ಲ, ಕಲಬುರಗಿಯಿಂದ ತರಬೇಕು, ತಣ್ಣಗೇ ತರಬೇಕು, ತರುವವರಿಗಾಗಿ ಎರಡು ದಿನ ಕಾಯಬೇಕು ಎಂದರು. ನನ್ನ ಹತ್ತಿರ ಲಸಿಕೆಯ ಡಬ್ಬಿ ಇದೆ, ನಾನೇ ಹೋಗುತ್ತೇನೆ ಎಂದೆ. ಕುರಿಗಳ ಲಸಿಕೆ ಒಯ್ಯುವ ನೀಲಿ ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು, ಮಂಜುಗಡ್ಡೆ ತುಂಬಿಸಿಕೊಂಡು ಬೆಳಗಿನ ರೈಲು ಹತ್ತಿದೆ. ಪಕ್ಕದ ಹೆಂಗಸು ಏನದು ಎಂದಾಗ ಕುರಿ ಲಸಿಕೆ ಎಂದೆ. ಆ ದಿನಗಳಲ್ಲಿ ಸುಳ್ಳು ನನ್ನ ಬಾಯಿಂದ ಸಲೀಸಾಗಿ ಬರುತ್ತಿತ್ತು. ಮರಳುವಾಗ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ರಸ ಏರಲಿ ದೇವರೇ, ಏರಿಬಿಡಲಿ, ಆಗ ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ವಾಡಿ ಜಂಕ್ಷನ್ ದಾಟಿದ ಮೇಲೂ ಅದೇ ಪ್ರಾರ್ಥನೆ. ಅಣ್ಣ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಬೇಡಿಕೊಂಡದ್ದು ನನ್ನ ಸಲುವಾಗಿ.

ಮರುದಿನ ಬೆಳಿಗ್ಗೆ ಎಂಟಕ್ಕೆ ಆ ರಸದ ಬದಲಿಗೆ ಕೊಡುತ್ತಿದ್ದ ಗುಳಿಗೆ ಕೊಡದೆ ಅಣ್ಣನ ರಕ್ತ ತೆಗೆದರು. ಆಮೇಲೆ ನಾನು ತಂದ ಇಂಜೆಕ್ಷನ್ ಹಾಕಿದರು. ಗೋಡೆಯ ಗಡಿಯಾರ ನೋಡುತ್ತ ಒಂದು ಗಂಟೆ ಕೂತೆವು. ಅಣ್ಣ ಕುರಿಗಳ ಬಗ್ಗೆ ಕೇಳಿದ, ಯಾರು ನೋಡಿಕೊಳ್ಳುತ್ತಿದ್ದಾರೆ, ಕಂದು ಕುರಿ ಈಯಿತೇ ಎಂದು. ಅತ್ತಿಗೆ ಅವನ ಪಾದ ತಿಕ್ಕುತ್ತಿದ್ದಳು. ನಾನು ಅವನ ಮುಖ ನೋಡುತ್ತಿದ್ದೆ. ಒಳಗೆ ಎಲ್ಲೋ ಹೆಬ್ಬೆರಳಿನಷ್ಟು ಜೀವ ಎರಡು ಆ ಹುಕುಂ ಕೇಳಿಸಿಕೊಂಡು ಎದ್ದವೋ ಇಲ್ಲವೋ, ಹಣೆಯ ಮೇಲೆ ಬರೆದಿರುತ್ತದೆ ಎನ್ನುವ ಹಾಗೆ ನೋಡುತ್ತಿದ್ದೆ. ಮತ್ತೆ ರಕ್ತ ತೆಗೆದರು. ಸಂಜೆ ಫಲಿತಾಂಶ ಬಂತು. ಮೊದಲು ಇದ್ದ ಅಂಕಿಗೂ ಆಮೇಲಿನ ಅಂಕಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗ್ರಂಥಿ ಎದ್ದಿರಲಿಲ್ಲ.

ನಮ್ಮ ಅಪ್ಪ ಟಿಬಿಯಿಂದ ಸತ್ತವನು. ಅಣ್ಣನ ಎದೆಯ ಫೋಟೋದಲ್ಲಿ ಹಳೆಯ ಕಲೆಯೊಂದಿತ್ತು. ಸೂಜಿ ತಗೊಂಡಿಲ್ಲ ಎಂದು ಅಣ್ಣನೂ ನಾನೂ ಹೇಳಿಯಾಗಿತ್ತು. ಡಾಕ್ಟರು ಇನ್ನೇನು ಅಂದುಕೊಳ್ಳಬೇಕು? ಸ್ಕ್ಯಾನಿಗೆ ಕಲಬುರಗಿಯಲ್ಲಿ ಮುಂದಿನ ವಾರ ಪಾಳಿ ಸಿಕ್ಕಿತ್ತು, ಅಲ್ಲಿಯವರೆಗೆ ಸುಮ್ಮನೆ ಕೂರುವುದು ಬೇಡವೆಂದು ಟಿಬಿ ಗುಳಿಗೆ ಶುರು ಮಾಡಿದರು. ಗ್ರಂಥಿಯ ರಸದ ಬದಲಿಗೆ ಕೊಡುವ ಗುಳಿಗೆಯನ್ನು ಎರಡರಷ್ಟು ಮಾಡಿದರು. ಟಿಬಿ ಔಷಧ ಅದನ್ನು ದೇಹದಲ್ಲಿ ಬೇಗ ಕರಗಿಸಿಬಿಡುತ್ತದಂತೆ.

ಟಿಬಿ ಗುಳಿಗೆ ಶುರುವಾದ ಮೇಲಿನ ಮೂರು ದಿನ ನಾನು ಹೇಗೆ ಕಳೆದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಕಾರಣ ಹುಡುಕುತ್ತ ಕಳೆದೆ. ನಿಜವಾಗಿ ಟಿಬಿಯೇ ಇದ್ದರೆ? ಡಾಕ್ಟರಿಗಿಂತ ನಾನು ಹೆಚ್ಚು ತಿಳಿದವಳೇ? ಹೇಳಿದರೆ ಕಿಟ್ಟು ಕಸಿಯುತ್ತಾರೆ, ಪೊಲೀಸರು ಬಂದರೂ ಬರಬಹುದು, ಗಂಡ ಬಿಟ್ಟವಳು ಅಣ್ಣನನ್ನೂ ತಿಂದಳು ಎಂದು ಊರು ಆಡುತ್ತದೆ. ಅಣ್ಣನೇ ಬೇಡ ಎಂದನಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ನೆಪ. ಒಮ್ಮೆ ಅತ್ತಿಗೆ ಹೊರಗೆ ಹೋದಾಗ ಅವನ ಕಿವಿಯ ಹತ್ತಿರ ಬಗ್ಗಿ, ಹೇಳಿಬಿಡುತ್ತೇನೆ ಎಂದೆ.

"ಹೇಳಬ್ಯಾಡ" ಎಂದ. "ನಿನಗ ಇರಾದು ಅದೊಂದ ಕೆಲಸ. ಹೋತಂದ್ರ ಎಲ್ಲಿ ಹೋಗ್ತಿ? ನಾ ಹ್ಯಾಂಗೂ ಗುಣ ಆಗ್ತೀನಿ."

ಅವನು ನನ್ನನ್ನು ಕಾಯುತ್ತಿದ್ದ. ನಾನು ಕಾಯಿಸಿಕೊಳ್ಳುತ್ತಿದ್ದೆ.

ಟಿಬಿ ಗುಳಿಗೆಯಿಂದ ಅವನ ಮೂತ್ರ ಕೆಂಪಾಯಿತು. ಅತ್ತಿಗೆ ರಕ್ತ ಎಂದು ಹೆದರಿ ನರ್ಸಿನ ಕೈ ಹಿಡಿದು ಎಳೆದು ತಂದಳು. ಎರಡನೆಯ ದಿನ ವಾಂತಿ ಶುರುವಾಯಿತು. ನುಂಗಿದ ಗುಳಿಗೆಯೆಲ್ಲ ಹೊರಗೆ. ರಸದ ಔಷಧವನ್ನು ಸೂಜಿಯಲ್ಲಿ ಕೊಟ್ಟರು, ತುಸು ಎದ್ದ, ಮತ್ತೆ ಕುಸಿದ. ಮೂರನೆಯ ದಿನ ಬೆಳಿಗ್ಗೆ ರಕ್ತದೊತ್ತಡ ಸಿಗದಂತಾಯಿತು. ಹಾಸಿಗೆಯ ಸುತ್ತ ಪರದೆ ಎಳೆದರು. ಅತ್ತಿಗೆ ನೆಲದ ಮೇಲೆ ಕೂತು ಹಣೆ ಗೋಡೆಗೆ ಒತ್ತಿಕೊಂಡಿದ್ದಳು. ಅಳು ಬರುತ್ತಿರಲಿಲ್ಲ ಅವಳಿಗೆ, ಬಾಯಿ ಮಾತ್ರ ತೆರೆದಿತ್ತು. ಆ ಬಾಯಿಯನ್ನು ನೋಡಿ ನನ್ನೊಳಗಿನ ನೆಪಗಳೆಲ್ಲ ಸತ್ತುಹೋದವು. ಮಂಚದ ಕೆಳಗಿನ ಚೀಲ ಎಳೆದು, ಡೆಕ್ಸಾ ಸೀಸೆ ಹೊರತೆಗೆದು, ಪರದೆ ಸರಿಸಿ ಡಾಕ್ಟರ ಕೈಗಿಟ್ಟೆ.

"ಇದನ್ನ ಹಾಕೀನ್ರಿ."

ಅವರು ಸೀಸೆ ತಿರುಗಿಸಿ ನೋಡಿದರು. ಲೇಬಲ್ಲಿನ ಮೇಲೆ ಕುರಿ ದನಗಳಿಗೆ ಮಾತ್ರ ಎಂದಿತ್ತು.

"ಎಷ್ಟು ದಿನ?"

"ಮೂರು ವರ್ಷ."

"ಅವತ್ತು ಕೇಳಿದ್ದೆ."

"ಕೇಳಿದ್ರಿ."

ಮಂಚದ ಮೇಲಿಂದ ಅಣ್ಣನ ದನಿ ಬಂತು. ಅಷ್ಟು ಶಕ್ತಿ ಅವನಿಗೆ ಎಲ್ಲಿಂದ ಬಂತೋ. "ಆಕಿ ಸುಳ್ಳು ಹೇಳಾಕತ್ಯಾಳ್ರಿ. ನಾನ ಚುಚ್ಕೊಂಡೀನಿ." ಡಾಕ್ಟರು ಅವನನ್ನು ಮಗ್ಗುಲಾಗಿಸಿ ಬೆನ್ನಿನ ಕೆಳಗೆ ನೋಡಿದರು. ಸೂಜಿಯ ಗುರುತುಗಳೆಲ್ಲ ಸ್ವಂತ ಕೈ ತಲುಪದ ಜಾಗದಲ್ಲಿದ್ದವು. ಅವರು ನನ್ನ ಮುಖ ನೋಡಲಿಲ್ಲ. ನರ್ಸಿಗೆ ಒಂದರ ಮೇಲೊಂದು ಹೇಳತೊಡಗಿದರು. ಟಿಬಿ ಗುಳಿಗೆ ನಿಲ್ಲಿಸಿ ಎಂದರು, ಬೇಕಾದ ಔಷಧ ನೇರವಾಗಿ ನರಕ್ಕೆ ಹಚ್ಚಿದರು. ಸಂಜೆಯ ಹೊತ್ತಿಗೆ ಅಣ್ಣನ ಕೈ ಬೆಚ್ಚಗಾಯಿತು.

ಅತ್ತಿಗೆ ಎಲ್ಲ ಕೇಳಿಸಿಕೊಂಡಿದ್ದಳು. ಕಾರಿಡಾರಿನಲ್ಲಿ ನನ್ನ ಎದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಚುಚ್ಚಿದ್ದು ಇರಲಿ" ಎಂದಳು. "ಆಂವ ಕೇಳಿದ, ನೀ ಚುಚ್ಚಿದಿ. ಇಷ್ಟು ದಿನ ನನ್ನ ಮಗ್ಗಲದಾಗ ಕುಂತು ನನ್ನ ಕೂಡ ರೊಟ್ಟಿ ತಿಂದ್ಯಲ್ಲ. ಬಾಯಿ ಯಾಕ ತೆರೀಲಿಲ್ಲ?"

"ಇನ್ನ ನಿನ್ನ ಕೈ ಅವನ ಮೈಗೆ ಹತ್ತಬಾರ್ದು. ಮನಿದೇವರು ಮಲ್ಲಯ್ಯನ ಆಣಿ" ಎಂದು ಒಳಗೆ ಹೋದಳು.

ಆಮೇಲೆ ಡಾಕ್ಟರು ಅದೇ ಪರೀಕ್ಷೆಯನ್ನು ಉದ್ದಕ್ಕೆ ಮಾಡಿದರು. ಹುಕುಮಿನ ಸೂಜಿಯನ್ನು ದಿನಕ್ಕೊಂದರಂತೆ ಮೂರು ದಿನ ಹಾಕಿ ರಕ್ತ ನೋಡುವುದು. ಹಾಳಾದ ಗ್ರಂಥಿಯಾದರೆ ಎಷ್ಟು ದಿನ ಕರೆದರೂ ಓಗೊಡುವುದಿಲ್ಲ, ಮಲಗಿದ್ದಾದರೆ ನಿಧಾನಕ್ಕೆ ಮಿಸುಕುತ್ತದೆ ಎಂದರು. ಕಲಬುರಗಿಗೆ ಮತ್ತೆ ನಾನೇ ಹೋಗಿಬಂದೆ. ಡಬ್ಬಿಯನ್ನು ವಾರ್ಡಿನ ಬಾಗಿಲಲ್ಲೇ ನರ್ಸಿಗೆ ಕೊಟ್ಟು ಹೊರಗೇ ಕೂತೆ. ಮೊದಲ ದಿನ ಅಂಕಿ ಅಲುಗಲಿಲ್ಲ. ಎರಡನೆಯ ದಿನ ಅಲುಗಿತೋ ಇಲ್ಲವೋ ಎಂಬಷ್ಟು. ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಕಾಗದ ಹಿಡಿದುಕೊಂಡು ಹೊರಗೆ ಬಂದರು. "ಏರ್ಯಾದ" ಎಂದರು. "ಸತ್ತಿಲ್ಲ. ಮಲಗ್ಯಾವ. ಎಬ್ಬಿಸಾಕ ವರ್ಷ ಬೇಕು." ನಾನು ಅಲ್ಲೇ ಕೂತು ಅತ್ತೆ. ಅವರು "ಮೊದಲ ದಿನ ಹೇಳಿದ್ರ ಇಷ್ಟು ಆಗ್ತಿದ್ದಿಲ್ಲ" ಎಂದು ಹೇಳಿ ಹೋದರು. ನಾನು ಹೋಗಿ ಪಶು ಡಾಕ್ಟರ ಮುಂದೆ ಕಿಟ್ಟು ಇಟ್ಟು, ಇಟ್ಟದ್ದು ಯಾಕೆಂದೂ ಹೇಳಿದೆ. ಅದು ನನಗೆ ಮರಳಿ ಸಿಕ್ಕಿದ್ದು ವರ್ಷದ ಮೇಲೆ.

ಮನೆಗೆ ಕಳಿಸುವಾಗ ದಿನದ ಗುಳಿಗೆಯ ಜೊತೆ ಒಂದು ಸೀಸೆ ಪುಡಿ, ಒಂದು ಗಾಜಿನ ನಳಿಗೆ ನೀರು, ಒಂದು ಸಿರಿಂಜು ಕೊಟ್ಟರು. ಜ್ವರ ಬಂದರೆ ಗುಳಿಗೆ ಎರಡರಷ್ಟು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಈ ಸೂಜಿ, ತಡ ಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ದು ಹಾಕಿಸಬೇಕು. ಅತ್ತಿಗೆ ಅದನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಪಡಸಾಲೆಯ ಮೂಲೆ ಸಿಕ್ಕಿತು. ಅಡುಗೆ ಬೇರೆ, ಮಾತು ಇಲ್ಲ. ಏನಾದರೂ ಕೊಡಬೇಕಾದರೆ ನೆಲದ ಮೇಲಿಟ್ಟು ಸರಿಯುತ್ತಿದ್ದಳು. ಅಣ್ಣ ಒಳಗಿನಿಂದ ಕೂಗಿ ಮಾತಾಡಿಸುತ್ತಿದ್ದ, ನಾನು ಹೊರಗಿನಿಂದ ಓಗೊಡುತ್ತಿದ್ದೆ.

ಉತ್ತರಿ ಮಳೆ ಹಿಡಿದರೆ ಬಿಡಲಿಲ್ಲ. ಮೂರನೆಯ ದಿನಕ್ಕೆ ಹಳ್ಳ ತುಂಬಿ ಶಹಾಪುರದ ರಸ್ತೆ ಮುಳುಗಿತು. ಅಣ್ಣನಿಗೆ ಹಿಂದಿನ ದಿನದಿಂದ ಜ್ವರ. ಅತ್ತಿಗೆ ಗುಳಿಗೆ ಎರಡರಷ್ಟು ಕೊಟ್ಟಿದ್ದಳು. ಬೆಳಿಗ್ಗೆ ಅದನ್ನು ಕಕ್ಕಿದ. ಮತ್ತೆ ಕೊಟ್ಟಳು, ಮತ್ತೆ ಕಕ್ಕಿದ. ಆಂಬುಲೆನ್ಸಿನವರು ಹಳ್ಳದ ಆ ದಂಡೆಯವರೆಗೆ ಬರುತ್ತೇವೆ, ದಾಟಲಾರೆವು ಎಂದರು. ಅಣ್ಣನ ಮಾತು ತೊದಲತೊಡಗಿತು. ಅತ್ತಿಗೆ ಫೋನು ಹಿಡಿದು ಡಾಕ್ಟರಿಗೆ ಹಚ್ಚಿದಳು. ಅವರ ದನಿ ಬಾಗಿಲ ಹೊರಗೆ ನಿಂತಿದ್ದ ನನಗೂ ಕೇಳಿಸಿತು: "ಕಾಯಬ್ಯಾಡ್ರಿ. ಸೂಜಿ ಈಗಲೇ ಹಾಕ್ರಿ. ನಿಮ್ಮ ನಾದಿನಿಗೆ ಬರ್ತದಲ್ಲ."

ಅತ್ತಿಗೆ ತಿರುಗಿ ನನ್ನನ್ನು ನೋಡಿದಳು. ಅಷ್ಟು ದಿನಗಳಲ್ಲಿ ಅವಳು ನನಗೆ ಮುಖ ಕೊಟ್ಟದ್ದು ಅದೇ ಮೊದಲು.

"ಆಣಿ ಮುರದ ಪಾಪ ನನಗ ಬರಲಿ ಅತ್ತಿಗಿ" ಎಂದೆ. ಹೊಸ್ತಿಲ ಮೇಲೆ ಮೊಣಕಾಲೂರಿ ಕೈ ಮುಗಿದೆ. "ನಿನ್ನ ಕಾಲು ಹಿಡೀತೀನಿ. ಕೀಲಿ ಕೊಡು."

ಅವಳು ತಾನೇ ಟ್ರಂಕು ತೆರೆದು ಪೊಟ್ಟಣ ಹೊರತೆಗೆದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

"ನನಗ ಹೇಳು. ನಾ ಹಾಕ್ತೀನಿ."

ಕುರಿಗೆ ಚುಚ್ಚುವಾಗ ಮುಖ ತಿರುಗಿಸುವವಳು. ಎಂಥ ಸಿಟ್ಟು ಬಂತೆಂದರೆ ಕಸಿದುಕೊಂಡುಬಿಡೋಣ ಎನಿಸಿತು. ವಾದಕ್ಕೆ ಹೊತ್ತಿರಲಿಲ್ಲ. ಅವನ ಮಂಚದಿಂದ ಎರಡು ಮಾರು ದೂರ ಕೂತು, ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದುಮಿಕೊಂಡೆ. ಅವು ತಾವಾಗಿಯೇ ಎದ್ದು ಹೋಗುತ್ತವೆ ಎಂದು ನನಗೆ ಭಯವಿತ್ತು.

"ನೀರಿನ ನಳಿಗೆ ಕುತ್ತಿಗಿ ಮುರಿ. ಸೆರಗು ಸುತ್ತಿ ಹಿಡಿ."

ಮುರಿದಳು. ಗಾಜು ಬೆರಳಿಗೆ ಹತ್ತಿ ರಕ್ತ ಬಂತು. ಒರೆಸಿಕೊಳ್ಳಲಿಲ್ಲ.

"ನೀರು ಸಿರಿಂಜಿಗೆ ಎಳಿ. ಪುಡಿ ಸೀಸೆಗೆ ಹಾಕು. ಅಲ್ಲಾಡಿಸು. ಎಲ್ಲಾ ಕರಗಬೇಕು. ಈಗ ಮತ್ತ ಎಳಿ. ಸೂಜಿ ಮ್ಯಾಲ ಮಾಡು, ಗಾಳಿ ಹೋಗಲಿ."

"ಹೋತು."

"ತೊಡಿ ಹೊರಮಗ್ಗಲ, ನಡು ಜಾಗ. ಹತ್ತಿಲೆ ಒರಸು. ನೆಟ್ಟಗ ಹಿಡಿ. ತಟ್ಟನ ಚುಚ್ಚು."

ಸೂಜಿ ಚರ್ಮದ ಮೇಲೆ ಬಂದು ನಿಂತಿತು. "ಆಗವಲ್ದು" ಎಂದಳು.

"ಆಗ್ತದ. ಅವನ ಮುಖ ನೋಡಬ್ಯಾಡ. ಚುಚ್ಚು ಅತ್ತಿಗಿ."

ಕಣ್ಣು ಮುಚ್ಚಿಕೊಳ್ಳದೆ ಚುಚ್ಚಿದಳು. ಸೂಜಿ ಓರೆಯಾಗಿ ಹೋಯಿತು. ಅಣ್ಣ "ಯವ್ವಾ" ಎಂದು ನರಳಿದ. ಅವಳು ನಿಲ್ಲಿಸದೆ ಔಷಧವನ್ನೆಲ್ಲ ಒತ್ತಿ ಇಳಿಸಿ, ಸೂಜಿ ಹೊರಗೆಳೆದು, ಹತ್ತಿಯಿಂದ ಅದುಮಿ ಹಿಡಿದಳು. ಆಮೇಲೆ ಇಬ್ಬರೂ ಇದ್ದಲ್ಲೇ ಕೂತೆವು. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ನನ್ನ ಕೈಗಳು ಜೋಮು ಹಿಡಿದಿದ್ದವು. ಅವನು ಹೋದರೆ ಯಾರ ಕೈಯಿಂದ ಹೋದ ಎಂದು ಲೆಕ್ಕ ಹಾಕುವ ಶಕ್ತಿಯೂ ನನಗೆ ಉಳಿದಿರಲಿಲ್ಲ.

ಒಂದು ಗಂಟೆಯಾಗಿರಬೇಕು. ಅಣ್ಣ ನೀರು ಕೇಳಿದ. ಅತ್ತಿಗೆ ಚಮಚದಲ್ಲಿ ಕುಡಿಸಿದಳು. ಹೊಟ್ಟೆಯಲ್ಲಿ ನಿಂತಿತು. ಇನ್ನೊಂದಿಷ್ಟು ಕುಡಿಸಿದಳು, ಅದೂ ನಿಂತಿತು. ಅವನ ಹಣೆಯ ಮೇಲೆ ಬೆವರು ಕಂಡಿತು, ಕೈ ಮುಟ್ಟಿ ನೋಡಿ "ಬೆಚ್ಚಗಾಗ್ಯಾದ" ಎಂದಳು. ಹೇಳಿದ್ದು ನನಗೇ. ಅಣ್ಣ ನಿಧಾನಕ್ಕೆ ತೊಡೆಯ ಮೇಲೆ ಎದ್ದಿದ್ದ ನೀಲಿ ಬಾವನ್ನು ತಡವಿ ನೋಡಿಕೊಂಡ.

"ಯಾರು ಹಾಕಿದ್ರು ಇದನ್ನ?"

"ನಾ" ಎಂದಳು ಅತ್ತಿಗೆ.

"ಭಾಳ ಬ್ಯಾನಿ ಆತು" ಎಂದ ಅವನು.

ಅವಳು ನಗುತ್ತ ಅಳತೊಡಗಿದಳು. ನಾನು ತೊಡೆಯ ಕೆಳಗಿನಿಂದ ಕೈ ತೆಗೆದು ನೋಡಿಕೊಂಡೆ. ಈ ಕೈ ಹಾಕಿದ ಸೂಜಿ ಮೂರು ವರ್ಷದಲ್ಲಿ ಅವನಿಗೆ ಒಂದು ಸಲವೂ ನೋವು ಮಾಡಿರಲಿಲ್ಲ.